ಬ್ಯಾಸ್ ಮೀನಿಗೆ ಯಾವ ಕಯಾಕ್? ಟೆಕ್ಸಾಸಿನ ಕೆರೆಗೊಂದು, ಹೊಳೆಗೊಂದು

ಮಾರ್ಚ್ ಬಂತೆಂದರೆ ಆಸ್ಟಿನ್ ಸುತ್ತಲಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಯಾರೋ ಅಂಗಡಿಯಲ್ಲಿ ರಿಯಾಯಿತಿಗೆ ಇಟ್ಟ ಕಯಾಕಿನ (ಸಾಮಾನ್ಯವಾಗಿ ಒಬ್ಬರೇ ಕೂತು ನಡೆಸುವ ಪುಟ್ಟ ದೋಣಿ) ಫೋಟೋ ಹಾಕಿ, “ಗಾಳ ಹಾಕೋಕೆ ಇದು ಆಗುತ್ತಾ?” ಅಂತ ಕೇಳುತ್ತಾರೆ. ಕೆಳಗೆ ಉತ್ತರಗಳ ಸುರಿಮಳೆ: ಪೆಡಲ್ ಇರೋದೇ ತಗೊಳ್ಳಿ, ಮೋಟಾರ್ ಹಾಕಿಸಿಬಿಡಿ, ಗಾಳಿ ತುಂಬೋದೇ ಸಾಕು. ಗಾಳ ಎಲ್ಲಿ ಹಾಕ್ತೀರಿ, ಮನೆಯಿಂದ ಅಲ್ಲೀತನಕ ದೋಣಿ ಹೇಗೆ ಒಯ್ತೀರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದರೆ, ಈ ಎರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಆಯ್ಕೆ ಮುಗಿದಂತೆಯೇ.

ನಡು ಟೆಕ್ಸಾಸಿನ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಡಲ್ಲಾಸ್, ಹ್ಯೂಸ್ಟನ್ ಕಡೆಯವರಿಗೂ ಬಹುಪಾಲು ಹೊಂದುತ್ತದೆ; ಸಮುದ್ರಕ್ಕೆ ಹೋಗುವವರಿಗೆ ಹೊಂದುವುದಿಲ್ಲ. ಮೀನು ತಿನ್ನದವರು ಇಲ್ಲೇ ಓದು ನಿಲ್ಲಿಸಬೇಕಿಲ್ಲ. ಬ್ಯಾಸ್ ಎಂಬ ಈ ಸಿಹಿನೀರಿನ ಮೀನಿನ ಹಿಂದೆ ಬಿದ್ದವರಲ್ಲಿ ಬಹಳ ಮಂದಿ ಹಿಡಿದು, ಅಳೆದು, ಫೋಟೋ ತೆಗೆದು ಮತ್ತೆ ನೀರಿಗೇ ಬಿಡುತ್ತಾರೆ. ಕಯಾಕ್ ಪಂದ್ಯಗಳು ನಡೆಯುವುದೂ ಹಾಗೆಯೇ: ಅಳತೆ ಹಲಗೆಯ ಮೇಲೆ ಮೀನಿಟ್ಟು ತೆಗೆದ ಫೋಟೋವೇ ಸಾಕ್ಷಿ, ತೂಕ ಲೆಕ್ಕಕ್ಕಿಲ್ಲ, ಇಂಚು ಲೆಕ್ಕಕ್ಕೆ.

ಮೊದಲು ನೀರು

ಟೆಕ್ಸಾಸಿನಲ್ಲಿ ಲೇಕ್ ಎಂದು ಕರೆಯುವುದೆಲ್ಲ ಹೆಚ್ಚುಕಡಿಮೆ ಅಣೆಕಟ್ಟಿನ ಹಿನ್ನೀರೇ. ಆಸ್ಟಿನ್ ನಗರದ ನಟ್ಟನಡುವಿನ ಲೇಡಿ ಬರ್ಡ್ ಲೇಕ್ ಕೂಡ 1960ರಲ್ಲಿ ಲಾಂಗ್‌ಹಾರ್ನ್ ಅಣೆಕಟ್ಟು ಎದ್ದಾಗ ನಿಂತ ಕೊಲರಾಡೋ ನದಿಯ ನೀರು. (ಗ್ರ್ಯಾಂಡ್ ಕ್ಯಾನಿಯನ್ ಕೊರೆದ ಕೊಲರಾಡೋ ಬೇರೆ, ಇದು ಬೇರೆ. ಊರಿಂದ ಬಂದ ನೆಂಟರಿಗೆ ಇದನ್ನು ಪ್ರತಿ ಸಲ ಹೇಳಬೇಕಾಗುತ್ತದೆ.) ಅಲ್ಲಿ ಪೆಟ್ರೋಲ್ ಎಂಜಿನ್ನಿನ ದೋಣಿಗಳಿಗೆ ಅವಕಾಶವಿಲ್ಲ. ನೀರಿನ ಹರವು ಕಿರಿದು, ದಡದ ಮರಗಳೂ ಕಟ್ಟಡಗಳೂ ಗಾಳಿಯನ್ನು ತಡೆಯುತ್ತವೆ, ದೂರ ಹೋಗುವ ಅಗತ್ಯವೂ ಇಲ್ಲ. ಇಂಥ ನೀರಿಗೆ ಹತ್ತು ಅಡಿಯ ಅಗ್ಗದ ಕಯಾಕೂ ನಡೆಯುತ್ತದೆ.

ಅದೇ ನದಿಯಲ್ಲಿ ಒಂದು ಅಣೆಕಟ್ಟು ಮೇಲಕ್ಕೆ ಹೋದರೆ ಲೇಕ್ ಆಸ್ಟಿನ್. ಇಲ್ಲಿಯ ಗುಣ ಪೂರ್ತಿ ಬೇರೆ. ಬೇಸಿಗೆಯ ಶನಿವಾರ ಮಧ್ಯಾಹ್ನ ವೇಕ್‌ಬೋಟ್ ಎಂಬ ಮೋಟಾರು ದೋಣಿಗಳು ಎಬ್ಬಿಸುವ ಅಲೆ ಒಂದು ದಡಕ್ಕೆ ಬಡಿದು ಮರಳಿ ಬರುವಷ್ಟರಲ್ಲಿ ಇನ್ನೊಂದು ಎದ್ದಿರುತ್ತದೆ. ವಾರದ ನಡುವೆ, ಬೆಳಗಿನ ಜಾವ ಹೋದರೆ ಒಳ್ಳೆಯ ಜಾಗ. ಉಳಿದ ಹೊತ್ತಿನಲ್ಲಿ ನಾನಂತೂ ಅತ್ತ ಹೋಗುವುದಿಲ್ಲ. ಅದರಾಚೆಯ ಲೇಕ್ ಟ್ರಾವಿಸ್ ತುಂಬಿದಾಗ ಅರವತ್ತು ಮೈಲಿಗೂ ಉದ್ದ, ಕಡಿದಾದ ಕಲ್ಲಿನ ದಡ, ತೆರೆದ ಬಯಲು ನೀರು. ಬರಗಾಲದಲ್ಲಿ ಮಟ್ಟ ಎಷ್ಟು ಇಳಿಯುತ್ತದೆಂದರೆ, ದೋಣಿ ಇಳಿಸುವ ಇಳಿಜಾರು ನೀರು ಮುಟ್ಟುವ ಮೊದಲೇ ಮುಗಿದುಹೋಗಿರುತ್ತದೆ.

ದೊಡ್ಡ ಮೀನಿನ ಆಸೆ ಇದ್ದವರು ಪೂರ್ವ ಟೆಕ್ಸಾಸಿನ ಲೇಕ್ ಫೋರ್ಕ್ ಹೆಸರು ಹೇಳುತ್ತಾರೆ. ರಾಜ್ಯದ ದಾಖಲೆಯ ಲಾರ್ಜ್‌ಮೌತ್ ಬ್ಯಾಸ್, 18.18 ಪೌಂಡಿನದು, 1992ರಲ್ಲಿ ಸಿಕ್ಕಿದ್ದು ಅಲ್ಲೇ. ಸುಮಾರು 27,000 ಎಕರೆ ನೀರು, ಅದರೊಳಗೆ ಮುಳುಗಿ ಒಣಗಿ ನಿಂತ ಮರಗಳ ಕಾಡು. ಆ ಬೋಳು ಮರಗಳ ನಡುವೆ ದೊಡ್ಡ ಬ್ಯಾಸ್‌ಬೋಟುಗಳು ಹೆದರಿ ಹೆದರಿ ಹೋಗುತ್ತವೆ, ಕಯಾಕ್ ಆರಾಮಾಗಿ ನುಗ್ಗುತ್ತದೆ. ಆದರೆ ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ಎದುರುಗಾಳಿಯಲ್ಲಿ ದಾಟುವಾಗ ಹತ್ತು ಅಡಿಯ ದೋಣಿಯಲ್ಲಿ ಕೂತವರಿಗೆ ದೇವರು ನೆನಪಾಗುತ್ತಾನೆ.

ಹೊಳೆಯ ಕಥೆಯೇ ಬೇರೆ. ಲಾಂಗ್‌ಹಾರ್ನ್ ಅಣೆಕಟ್ಟಿನ ಕೆಳಗೆ ವೆಬರ್‌ವಿಲ್, ಬ್ಯಾಸ್ಟ್ರಾಪ್ ಕಡೆಗೆ ಹರಿಯುವ ಕೊಲರಾಡೋದಲ್ಲಿ ಜಲ್ಲಿಕಲ್ಲಿನ ದಿಬ್ಬಗಳು, ನಡುಗಡ್ಡೆಗಳು, ನೀರಿಗೆ ಒರಗಿದ ಮರಗಳು. ಇಲ್ಲಿ ಸಿಗುವ ಗ್ವಾಡಲೂಪ್ ಬ್ಯಾಸ್ ಜಗತ್ತಿನಲ್ಲಿ ಟೆಕ್ಸಾಸ್ ಬಿಟ್ಟರೆ ಬೇರೆಲ್ಲೂ ತಾನಾಗಿ ಹುಟ್ಟುವ ಮೀನಲ್ಲ. 1989ರಿಂದ ರಾಜ್ಯದ ಅಧಿಕೃತ ಮೀನು. ಗಾತ್ರ ಚಿಕ್ಕದು. 2014ರಲ್ಲಿ ಇದೇ ಹೊಳೆಯಲ್ಲಿ ಸಿಕ್ಕ ದಾಖಲೆಯದ್ದೇ 3.71 ಪೌಂಡ್. ಆದರೆ ಹರಿವ ನೀರಲ್ಲಿ ಬೆಳೆದದ್ದು, ಗಾಳಕ್ಕೆ ಬಿದ್ದ ಮೇಲೆ ಸೆಳವಿಗೆ ಅಡ್ಡ ತಿರುಗಿ ಎಳೆಯುವಾಗ ಅದರ ತೂಕದ ಅಂದಾಜೇ ತಪ್ಪುತ್ತದೆ. ಪಶ್ಚಿಮಕ್ಕೆ ಲಾನೋ ನದಿಗೆ ಹೋದರೆ ಗ್ರಾನೈಟ್ ಹಾಸುಬಂಡೆಗಳ ಮೇಲೆ ಮೊಣಕಾಲುದ್ದದ ನೀರು. ಅಲ್ಲಿ ಅರ್ಧ ದಿನ ದೋಣಿಯಲ್ಲಿ, ಇನ್ನರ್ಧ ದಿನ ದೋಣಿಯನ್ನು ಹಗ್ಗ ಕಟ್ಟಿ ಎಳೆಯುತ್ತ.

ಇಷ್ಟು ವಿವರ ಯಾಕೆ ಕೊಟ್ಟೆ ಅಂದರೆ, ಹಿನ್ನೀರಿನಲ್ಲಿ ಕಾಡುವುದು ಗಾಳಿ, ಹೊಳೆಯಲ್ಲಿ ಕಾಡುವುದು ಕಲ್ಲು ಮತ್ತು ಸೆಳವು. ಗಾಳಿಗೆ ಬೇಕಾದ್ದು ಉದ್ದದ, ನೆಟ್ಟಗೆ ಓಡುವ, ಕೈ ಬಿಟ್ಟರೂ ಜಾಗದಲ್ಲಿ ನಿಲ್ಲಿಸಬಹುದಾದ ದೋಣಿ. ಕಲ್ಲಿಗೆ ಬೇಕಾದ್ದು ಗಿಡ್ಡದ, ಥಟ್ಟನೆ ತಿರುಗುವ, ನಾಲ್ಕು ಇಂಚು ನೀರಲ್ಲೂ ತೇಲುವ, ಒಬ್ಬರೇ ಎಳೆಯಬಹುದಾದ ದೋಣಿ. “ಎರಡಕ್ಕೂ ಆಗುತ್ತೆ ಸರ್” ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ, ಎರಡರಲ್ಲೂ ಅರ್ಧರ್ಧ ಆಗುತ್ತದೆ.

ಇನ್ನೊಂದು ವ್ಯತ್ಯಾಸವನ್ನು ಕೊಳ್ಳುವಾಗ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿನ್ನೀರಿನಲ್ಲಿ ಹೊರಟಲ್ಲಿಗೇ ಮರಳುತ್ತೀರಿ. ಹೊಳೆಯಲ್ಲಿ ಇಳಿದದ್ದು ಒಂದು ಸೇತುವೆ, ಹತ್ತುವುದು ಇನ್ನೊಂದು ಸೇತುವೆ. ಅಂದರೆ ಎರಡು ಕಾರು ಅಥವಾ ಒಬ್ಬ ಸ್ನೇಹಿತ ಬೇಕು. ಒಬ್ಬರೇ ಹೋಗುವವರು ಮೊದಲು ಸೆಳವಿಗೆ ಎದುರಾಗಿ ಹುಟ್ಟು ಹಾಕಿ, ತೆಳು ನೀರಲ್ಲಿ ಇಳಿದು ಎಳೆದು, ಆಮೇಲೆ ತೇಲಿಕೊಂಡು ಗಾಳ ಹಾಕುತ್ತ ಬರುತ್ತಾರೆ. ಈ ಕೆಲಸಕ್ಕೆ ಭಾರದ ದೋಣಿ ಖಂಡಿತ ಆಗುವುದಿಲ್ಲ.

ಹುಟ್ಟು, ಪೆಡಲ್, ಮೋಟಾರ್

ನಿಜವಾದ ಜಗಳ ಇರುವುದು ಇಲ್ಲಿ, ಹಣ ಹೋಗುವುದೂ ಇಲ್ಲೇ.

ಹುಟ್ಟಿನ ಕಯಾಕಿನ ದೊಡ್ಡ ಗುಣ ಅದರಲ್ಲಿ ಕೆಡುವುದಕ್ಕೆ ಏನೂ ಇಲ್ಲ ಎನ್ನುವುದು. ಮೀನುಗಾರಿಕೆಗೆಂದೇ ಮಾಡಿದ ಹನ್ನೆರಡು ಅಡಿಯದು ಸಾಮಾನ್ಯವಾಗಿ 60ರಿಂದ 80 ಪೌಂಡ್ ತೂಗುತ್ತದೆ, ಹೊಸದಕ್ಕೆ ಸುಮಾರು 900ರಿಂದ 1,600 ಡಾಲರ್. ಹತ್ತು ಅಡಿಯ ಸರಳವಾದದ್ದು ಅದರ ಅರ್ಧಕ್ಕೂ ಕಡಿಮೆ ಬೆಲೆಗೆ, ಐವತ್ತು ಪೌಂಡಿನ ಆಸುಪಾಸಿನಲ್ಲಿ ಸಿಗುತ್ತದೆ. ತೆಳು ನೀರು, ಜೊಂಡು, ಹುದುಲು, ಎಲ್ಲಿಗಾದರೂ ನುಗ್ಗುತ್ತದೆ. ತೊಂದರೆ ಒಂದೇ: ಹುಟ್ಟೂ ಗಾಳದ ಕೋಲೂ ಎರಡಕ್ಕೂ ಕೈ ಬೇಕು. ಗಾಳಿ ಬೀಸುವ ದಿನ ಒಂದು ಸಲ ಎಸೆದು ರೀಲ್ ಸುತ್ತುವಷ್ಟರಲ್ಲಿ ದೋಣಿ ಜಾಗ ಬಿಟ್ಟು ಹೋಗಿರುತ್ತದೆ. ಮತ್ತೆ ಹುಟ್ಟು ಹಿಡಿ, ಮತ್ತೆ ಬಾ. ಟೆಕ್ಸಾಸಿನ ವಸಂತದಲ್ಲಿ ಗಾಳಿ ಇಲ್ಲದ ಮಧ್ಯಾಹ್ನ ಅಪರೂಪ; ಬ್ಯಾಸ್ ಮೊಟ್ಟೆಯಿಡಲು ದಡದ ತೆಳು ನೀರಿಗೆ ಬರುವುದೂ ಅದೇ ಕಾಲದಲ್ಲಿ.

ಪೆಡಲ್ ಕಯಾಕ್ ಈ ಕಷ್ಟಕ್ಕೆ ಹುಟ್ಟಿದ ಉತ್ತರ. ಕಾಲು ತುಳಿಯುತ್ತಿರುತ್ತದೆ, ಕೈ ಗಾಳದ ಮೇಲೆ. ಇದರಲ್ಲಿ ಎರಡು ಬಗೆ ಇವೆ, ಎರಡನ್ನೂ ಒಂದೇ ಎಂದು ತಿಳಿಯಬಾರದು.

ಒಂದು ಹೋಬಿ ಕಂಪನಿ 1997ರಲ್ಲಿ ತಂದ ಮಿರಾಜ್ ಡ್ರೈವ್. ಇದರಲ್ಲಿ ಪೆಡಲನ್ನು ಸೈಕಲ್ಲಿನಂತೆ ಸುತ್ತುವುದಿಲ್ಲ, ಒಂದಾದ ಮೇಲೊಂದು ಕಾಲು ಮುಂದಕ್ಕೆ ಒತ್ತುತ್ತೀರಿ. ದೋಣಿಯಡಿ ಎರಡು ರೆಕ್ಕೆಗಳು ಅತ್ತಿತ್ತ ಬೀಸುತ್ತವೆ. ನೀರು ತೆಳುವಾದಾಗ ಒಂದು ಕಾಲನ್ನು ಪೂರ್ತಿ ಮುಂದೆ ಚಾಚಿದರೆ ರೆಕ್ಕೆಗಳು ತಳಕ್ಕೆ ಅಂಟಿಕೊಳ್ಳುತ್ತವೆ, ಏನನ್ನೂ ಮೇಲೆತ್ತಬೇಕಿಲ್ಲ. ನೀರುಕಳೆ ಸಿಕ್ಕಿಕೊಂಡರೂ ಹೆಚ್ಚಾಗಿ ತಾನೇ ಜಾರಿಹೋಗುತ್ತದೆ. ಹಿಂದಕ್ಕೆ ಹೋಗುವುದು ಮೊದಲ ಮಾದರಿಗಳಲ್ಲಿ ಇರಲೇ ಇಲ್ಲ. ಹಳೆಯದನ್ನು ಕೊಳ್ಳುವವರು ಇದನ್ನು ಮರೆಯದೆ ಕೇಳಬೇಕು. ಈಚಿನವುಗಳಲ್ಲಿ ಒಂದು ದಾರ ಎಳೆದರೆ ರೆಕ್ಕೆ ತಿರುಗಿ ಹಿಮ್ಮುಖವಾಗಿ ನಡೆಯುತ್ತದೆ.

ಇನ್ನೊಂದು, ಓಲ್ಡ್ ಟೌನ್, ನೇಟಿವ್ ಮುಂತಾದವರ ಪ್ರೊಪೆಲ್ಲರ್ ಡ್ರೈವ್. ಇದು ಥೇಟ್ ಸೈಕಲ್ ತುಳಿತ. ಹಿಂದಕ್ಕೆ ತುಳಿದರೆ ದೋಣಿ ತಕ್ಷಣ ಹಿಂದಕ್ಕೆ. ಪೊದೆಯೊಳಗೆ ಹೊಕ್ಕ ಮೀನನ್ನು ಹೊರಗೆಳೆಯಲು ಇದು ತುಂಬ ಉಪಯೋಗಕ್ಕೆ ಬರುತ್ತದೆ: ಮೀನು ಒಳಗೆ ಎಳೆಯುತ್ತಿದ್ದರೆ ನೀವು ಕೈಯಲ್ಲಿ ಗಾಳ ಹಿಡಿದೇ ಹಿಂದೆ ಸರಿಯಬಹುದು. ಆದರೆ ಒಂದೂವರೆ ಅಡಿಯಷ್ಟು ನೀರು ಬೇಕು, ತೆಳುವಾದರೆ ಇಡೀ ಡ್ರೈವನ್ನು ಎತ್ತಿ ಮಡಚಿಡಬೇಕು. ಹೈಡ್ರಿಲ್ಲಾ ಕಳೆ ದಟ್ಟವಾಗಿರುವ ಕಡೆ ಪ್ರೊಪೆಲ್ಲರಿಗೆ ಅದು ಸುತ್ತಿಕೊಂಡು, ಬಿಡಿಸುವುದೇ ದಿನದ ಕೆಲಸವಾಗುತ್ತದೆ.

ಮೊಣಕಾಲು ನೋವಿದ್ದವರು ಎರಡನ್ನೂ ತುಳಿದು ನೋಡಿ ಆರಿಸಬೇಕು. ಕೆಲವರಿಗೆ ಸೈಕಲ್ ತುಳಿತ ಹಿತ, ಕೆಲವರಿಗೆ ಒತ್ತುವುದು ಹಿತ. ಬೇರೆಯವರ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಭುಜದ ನೋವಿದ್ದವರಿಗಂತೂ ಪೆಡಲ್ ವರವೇ.

ಬೆಲೆ ಸಾಮಾನ್ಯವಾಗಿ 2,000 ಡಾಲರಿನಿಂದ ಮೇಲಕ್ಕೆ, ನಾಲ್ಕೂವರೆ ಸಾವಿರ ದಾಟುವುದೂ ಉಂಟು. ಆದರೆ ನನಗೆ ಬೆಲೆಗಿಂತ ಹೆಚ್ಚು ಕಾಣುವುದು ತೂಕ. ಪೆಡಲ್ ಕಯಾಕುಗಳು ಎಲ್ಲ ಜೋಡಿಸಿದಾಗ ಸಾಮಾನ್ಯವಾಗಿ 90ರಿಂದ 130 ಪೌಂಡ್, ದೊಡ್ಡವು ಅದಕ್ಕೂ ಹೆಚ್ಚು. ಹೊಳೆಯಲ್ಲಿ ಇದೇ ಅವುಗಳನ್ನು ಸೋಲಿಸುವುದು. ಡ್ರೈವ್ ತೆಗೆದಿಟ್ಟು ಹುಟ್ಟಿನಲ್ಲೇ ನಡೆಸಬಹುದು ಎನ್ನುತ್ತಾರೆ. ಹೌದು, ಆಗ ನೀವು ನಡೆಸುತ್ತಿರುವುದು ಎರಡು ಪಟ್ಟು ಬೆಲೆಯ, ಒಂದೂವರೆ ಪಟ್ಟು ಭಾರದ ಹುಟ್ಟಿನ ದೋಣಿ.

ಮೋಟಾರ್ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಜಿಪಿಎಸ್ ನೋಡಿಕೊಂಡು ಗಾಳಿಯಲ್ಲೂ ನಿಂತಲ್ಲೇ ನಿಲ್ಲಿಸುವ ಮೋಟಾರುಗಳು ಈಗ ಕಯಾಕಿಗೂ ಬಂದಿವೆ, ಅದನ್ನು ಬಳಸಿದವರು ಮತ್ತೆ ಲಂಗರು ಮುಟ್ಟುವುದಿಲ್ಲ. ಆದರೆ ಲೆಕ್ಕ ನೋಡಿ. 55 ಪೌಂಡ್ ತಳ್ಳುಬಲದ 12 ವೋಲ್ಟ್ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಕುಡಿಯುತ್ತದೆ. 100 ಆಂಪಿಯರ್-ಅವರ್ ಬ್ಯಾಟರಿ ಎರಡು ಗಂಟೆಗೆ ಬರಿದು. ನಿಧಾನವಾಗಿ ಓಡಿಸಿದರೆ ದಿನವಿಡೀ ಬರುತ್ತದೆ. ಆ ಬ್ಯಾಟರಿ ಸೀಸದ್ದಾದರೆ 60 ಪೌಂಡ್, ಲಿಥಿಯಂ ಐರನ್ ಫಾಸ್ಫೇಟ್ ಆದರೆ ಅದರ ಅರ್ಧಕ್ಕಿಂತ ಕಡಿಮೆ ತೂಕ, ಬೆಲೆ ಹೆಚ್ಚು. ಕಾನೂನಿನ ಗಂಟೂ ಇದೆ: ಟೆಕ್ಸಾಸಿನಲ್ಲಿ ಹುಟ್ಟು ಹಾಕುವ, ಪೆಡಲ್ ತುಳಿಯುವ ಕಯಾಕಿಗೆ ನೋಂದಣಿ ಬೇಡ; ಪುಟ್ಟ ಟ್ರೋಲಿಂಗ್ ಮೋಟಾರ್ ಕೂಡಿಸಿದ ಕ್ಷಣದಿಂದ ಬೇಕು, ಪಕ್ಕದಲ್ಲಿ ನಂಬರ್ ಅಂಟಿಸಬೇಕು. ಮೊದಲ ಕಯಾಕಿಗೆ ಮೋಟಾರ್ ಹಾಕಿಸಬೇಡಿ. ಎರಡನೆಯದಕ್ಕೆ ಬೇಕೋ ಬೇಡವೋ ಎಂದು ನಿಮಗೇ ತಿಳಿಯುತ್ತದೆ.

ಅಗಲ, ಉದ್ದ, ಆಸನ

ಒಳಗೆ ಕಾಲು ತೂರಿಸಿ ಕೂರುವ ಕಯಾಕ್ ಬೇಡ, ಮೇಲೆ ಕೂರುವುದೇ ಇರಲಿ. ಮಗುಚಿದರೆ ಒಳಗೆ ಕೂರುವುದು ನೀರು ತುಂಬಿಕೊಳ್ಳುತ್ತದೆ, ನಡುನೀರಿನಲ್ಲಿ ಅದನ್ನು ಬರಿದು ಮಾಡಿ ಹತ್ತುವುದು ಪಳಗಿದವರಿಗೂ ಕಷ್ಟ. ಮೇಲೆ ಕೂರುವುದರಲ್ಲಿ ತಳಕ್ಕೆ ತೂತುಗಳಿರುತ್ತವೆ, ಬಿದ್ದ ನೀರು ತಾನೇ ಇಳಿದುಹೋಗುತ್ತದೆ, ನೆಟ್ಟಗೆ ಮಾಡಿ ಪಕ್ಕದಿಂದ ಹೊಟ್ಟೆಯ ಮೇಲೆ ಜಾರಿ ಹತ್ತಬಹುದು. ಇದನ್ನು ಸೊಂಟದುದ್ದದ ನೀರಿನಲ್ಲಿ, ಸಾಮಾನು ಇಲ್ಲದೆ, ಬೆಚ್ಚನೆಯ ದಿನ ಅಭ್ಯಾಸ ಮಾಡಿಕೊಳ್ಳಿ.

ಅಗಲದ ವಿಚಾರ: ಹೊಗೇನಕಲ್ಲಿನಲ್ಲಿ ಹರಿಗೋಲು ಹತ್ತಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಗಲ ಇದ್ದಷ್ಟೂ ಅಲುಗಾಟ ಕಡಿಮೆ, ಆದರೆ ನೆಟ್ಟಗೆ ಹೋಗು ಎಂದರೆ ಸುತ್ತುತ್ತದೆ. ಕಯಾಕಿನಲ್ಲಿ 30 ಇಂಚು ಅಗಲ ಕೂತು ಗಾಳ ಹಾಕುವುದಕ್ಕೆ ಸಾಕು. ನಿಂತು ಎಸೆಯಬೇಕೆಂದರೆ 33-34 ಇಂಚಿಗಿಂತ ಮೇಲೆ ನೋಡಿ. ಹೋಬಿಯ ಪ್ರೋ ಆ್ಯಂಗ್ಲರ್ 14ರ ಅಗಲ 38 ಇಂಚು. ಅದರ ಮೇಲೆ ನಿಂತರೆ ಕಟ್ಟೆಯ ಮೇಲೆ ನಿಂತಷ್ಟು ನೆಮ್ಮದಿ, ಬರೀ ಹುಟ್ಟಿನಲ್ಲಿ ನಡೆಸಿದರೆ ತೋಳು ಬಿದ್ದುಹೋಗುತ್ತದೆ. ನಿಂತು ಎಸೆಯುವುದು ಅಷ್ಟು ಮುಖ್ಯವೇ ಎಂದರೆ, ವಸಂತದಲ್ಲಿ ತಿಳಿನೀರಿನ ತಳದಲ್ಲಿ ಮೊಟ್ಟೆ ಕಾಯುವ ಬ್ಯಾಸ್ ಕಾಣಬೇಕಾದರೆ ಮುಖ್ಯ. ಉಳಿದಂತೆ ಬೆನ್ನು ನೆಟ್ಟಗೆ ಮಾಡಿಕೊಳ್ಳಲು.

ಉದ್ದ ಹೆಚ್ಚಿದಷ್ಟೂ ವೇಗ, ನೇರ ಓಟ, ಕಡಿಮೆಯಾದಷ್ಟೂ ತಿರುವು. ಲೇಡಿ ಬರ್ಡ್ ಅಥವಾ ಸ್ಯಾನ್ ಮಾರ್ಕೋಸ್ ಹೊಳೆಗೆ ಹತ್ತೂವರೆ ಅಡಿ, ಟ್ರಾವಿಸಿಗೆ ಹನ್ನೆರಡಕ್ಕೆ ಕಡಿಮೆ ಬೇಡ. ಹೊಳೆಗೆಂದು ಮಾಡಿದ ದೋಣಿಗಳಲ್ಲಿ, ಜಾಕ್ಸನ್ ಕಂಪನಿಯ ಕೂಸಾ ಇದಕ್ಕೆ ಹೆಸರಾದದ್ದು, ಮೂತಿ ಮತ್ತು ಬಾಲ ಮೇಲಕ್ಕೆ ಬಾಗಿರುತ್ತವೆ. ಸೆಳವಿನಲ್ಲಿ ಅದು ಬಂಡೆಯ ಹಿಂದಿನ ನಿಂತ ನೀರಿಗೆ ಥಟ್ಟನೆ ತಿರುಗಿ ಸೇರಿಕೊಳ್ಳುತ್ತದೆ. ಬ್ಯಾಸ್ ಕಾದು ಕೂರುವುದೂ ಅಂಥಲ್ಲೇ, ಹರಿವು ಮತ್ತು ನಿಂತ ನೀರು ಕೂಡುವ ಅಂಚಿನಲ್ಲಿ. ಅದೇ ದೋಣಿ ಹಿನ್ನೀರಿನ ಗಾಳಿಯಲ್ಲಿ ಮೂತಿ ಅತ್ತಿತ್ತ ಹಾಕುತ್ತ ಸತಾಯಿಸುತ್ತದೆ.

ಭಾರ ಹೊರುವ ಮಿತಿಯನ್ನು ಕಂಪನಿಯವರು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಅದರ ಮೂರರಲ್ಲಿ ಎರಡು ಪಾಲು ಮಾತ್ರ ನಿಮ್ಮದು ಅಂದುಕೊಳ್ಳಿ. 300 ಪೌಂಡ್ ಎಂದಿದ್ದರೆ ನೀವು, ಬಟ್ಟೆ, ಗಾಳ, ನೀರು, ಬುತ್ತಿ ಎಲ್ಲ ಸೇರಿ 200. ಅದಕ್ಕೂ ಮೀರಿದರೆ ತೇಲುತ್ತದೆ, ಆದರೆ ತಳದ ತೂತುಗಳಿಂದ ನೀರು ಮೇಲೆ ಬಂದು ದಿನವಿಡೀ ಒದ್ದೆಯಲ್ಲಿ ಕೂರಬೇಕು.

ಆಸನದಲ್ಲಿ ಜಿಪುಣತನ ಬೇಡ. ಚೌಕಟ್ಟಿಗೆ ಬಲೆಬಟ್ಟೆ ಕಟ್ಟಿದ, ಎತ್ತರಿಸಬಹುದಾದ ಕುರ್ಚಿಯಂಥದೇ ಬೇಕು. ಅಗ್ಗದ ದೋಣಿಗಳಲ್ಲಿ ಬರುವ ತೆಳು ಫೋಮಿನ ಆಸನದಲ್ಲಿ ಮೂರನೆಯ ಗಂಟೆಗೆ ಮೀನೂ ಬೇಡ ಏನೂ ಬೇಡ ಅನ್ನಿಸುತ್ತದೆ.

ಮನೆಯಿಂದ ನೀರಿಗೆ

ನಮ್ಮವರಲ್ಲಿ ಬಹಳ ಮಂದಿ ಇರುವುದು ಅಪಾರ್ಟ್‌ಮೆಂಟಿನಲ್ಲಿ, ಇಲ್ಲವೇ ಎಚ್‌ಒಎ (ಮನೆ ಮಾಲೀಕರ ಸಂಘ) ಇರುವ ಬಡಾವಣೆಯಲ್ಲಿ. ಮನೆ ಮುಂದೆ ಟ್ರೇಲರ್ ನಿಲ್ಲಿಸಲು ಎಷ್ಟೋ ಎಚ್‌ಒಎಗಳು ಬಿಡುವುದಿಲ್ಲ. ಕೊಳ್ಳುವ ಮೊದಲು ನಿಯಮ ಓದಿ. ಟ್ರಕ್ ಇದ್ದವರಿಗೆ ಈ ಭಾಗದ ಅಗತ್ಯವೇ ಇಲ್ಲ: ಹಿಂದಿನ ತೊಟ್ಟಿಯಲ್ಲಿ ಹಾಕಿ, ಉದ್ದಕ್ಕೊಂದು ಕಬ್ಬಿಣದ ಆಸರೆ ಕೂಡಿಸಿ, ನಾಲ್ಕು ಅಡಿಗಿಂತ ಹೊರಗೆ ಚಾಚಿದರೆ ಕೆಂಪು ಬಾವುಟ ಕಟ್ಟಿ ಹೊರಡಬಹುದು.

ಉಳಿದವರಿಗೆ ಕಾರಿನ ಛಾವಣಿ. ಕಾರಿನ ಮ್ಯಾನುಯಲ್‌ನಲ್ಲಿ ಛಾವಣಿ ಎಷ್ಟು ಭಾರ ತಡೆಯುತ್ತದೆ ಎಂದು ಇರುತ್ತದೆ; ರ್‍ಯಾಕಿನ ತೂಕವೂ ಅದರಲ್ಲೇ ಸೇರುತ್ತದೆ ಎನ್ನುವುದನ್ನು ಮರೆಯಬೇಡಿ. 60 ಪೌಂಡಿನದನ್ನು ಒಬ್ಬರೇ ಹಿಂದಿನಿಂದ ಒರಗಿಸಿ ಜಾರಿಸಿ ಹತ್ತಿಸಬಹುದು. 75ಕ್ಕೆ ಏದುಸಿರು ಬರುತ್ತದೆ. 110 ಪೌಂಡಿನದನ್ನು ಎತ್ತರದ ಎಸ್‌ಯುವಿ ಮೇಲೆ ಒಬ್ಬರೇ ಏರಿಸುವುದು, ಅದೂ ಬಿಸಿಲಲ್ಲಿ ದಣಿದು ಮರಳುವಾಗ, ಆಗದ ಮಾತು. ಎಷ್ಟೋ ಗ್ಯಾರೇಜುಗಳಲ್ಲಿ ಮೂರು ಸಾವಿರ ಡಾಲರಿನ ಪೆಡಲ್ ಕಯಾಕುಗಳ ಮೇಲೆ ದಸರಾ ಗೊಂಬೆಯ ಪೆಟ್ಟಿಗೆಗಳು ಕೂತಿರುವುದಕ್ಕೆ ಕಾರಣ ಮೀನು ಸಿಗದದ್ದಲ್ಲ, ಎತ್ತಲು ಇನ್ನೊಬ್ಬರು ಸಿಗದದ್ದು. ಮುಂದೆ ಹಿಂದೆ ಎರಡೂ ತುದಿಗೆ ಹಗ್ಗ ಕಟ್ಟದೆ ಹೆದ್ದಾರಿಗೆ ಹೋಗಬೇಡಿ. ನಡುವಿನ ಪಟ್ಟಿ ಎಷ್ಟೇ ಬಿಗಿಯಾಗಿದ್ದರೂ ಗಾಳಿ ಮೂತಿಯಡಿ ಹೊಕ್ಕು ಎತ್ತುತ್ತದೆ.

ಮೂರನೆಯ ಮಹಡಿಯಲ್ಲಿ ಮನೆ ಇದ್ದರೆ ಗಾಳಿ ತುಂಬುವ ಕಯಾಕನ್ನು ಕೀಳಾಗಿ ಕಾಣಬೇಡಿ. ಒಳಗೆ ನೂಲಿನ ಎಳೆಗಳಿಂದ ಎರಡು ಪದರ ಹೆಣೆದ ಡ್ರಾಪ್-ಸ್ಟಿಚ್ ತಳದವು ಬೋರ್ಡಿನಷ್ಟು ಗಟ್ಟಿಯಾಗುತ್ತವೆ, ಗಾಳದ ಮುಳ್ಳು ತಾಗಿದ ಮಾತ್ರಕ್ಕೆ ಹರಿಯುವುದಿಲ್ಲ. ಗಾಳಿಯ ದಿನ ಮಾತ್ರ ಅವು ಎಲೆಯ ಹಾಗೆ ಹಾರಿಹೋಗುತ್ತವೆ, ದೊಡ್ಡ ಹಿನ್ನೀರಿಗೆ ಹೊಂದುವುದಿಲ್ಲ. ಹೊಳೆಯಲ್ಲಿ ಅಚ್ಚರಿಯಾಗುವಷ್ಟು ಚೆನ್ನ, ಬಂಡೆಗೆ ತಾಗಿ ಪುಟಿಯುತ್ತವೆ. ಮನೆಗೆ ತಂದ ಮೇಲೆ ಮಡಿಕೆಗಳೊಳಗೆಲ್ಲ ಒಣಗಿಸಬೇಕು, ಇದು ಬರೀ ವಾಸನೆಯ ಪ್ರಶ್ನೆಯಲ್ಲ. ಜೀಬ್ರಾ ಮಸಲ್ ಎಂಬ ಉಗುರಿನಷ್ಟು ಚಿಪ್ಪಿನ ಜೀವಿ 2017ರಲ್ಲಿ ಟ್ರಾವಿಸ್ ಮತ್ತು ಆಸ್ಟಿನ್ ಲೇಕುಗಳಲ್ಲಿ ಕಾಣಿಸಿಕೊಂಡಿತು. ಅದರ ಮರಿಗಳು ಕಣ್ಣಿಗೆ ಕಾಣವು, ಉಳಿದ ನೀರಲ್ಲಿ ಕೂತು ಬೇರೆ ಕೆರೆಗೆ ಹೋಗುತ್ತವೆ. ನೀರಿನಿಂದ ಹೊರಡುವಾಗ ದೋಣಿಯ ನೀರನ್ನೆಲ್ಲ ಬಸಿಯುವುದು ಟೆಕ್ಸಾಸಿನಲ್ಲಿ ಕಾನೂನು, ಕಯಾಕಿಗೂ ಅನ್ವಯ. ಪೆಡಲ್ ಡ್ರೈವಿನ ಗೂಡಿನಲ್ಲೂ ನೀರು ನಿಲ್ಲುತ್ತದೆ, ನೋಡಿಕೊಳ್ಳಿ.

ಉಳಿದ ಖರ್ಚು

ದೋಣಿಗೆ ಸಾವಿರ ಡಾಲರ್ ಇಟ್ಟುಕೊಂಡಿದ್ದರೆ ಎಂಟುನೂರರ ದೋಣಿ ನೋಡಿ, ಇನ್ನೂರು ಲೈಫ್ ಜಾಕೆಟ್ ಮತ್ತು ಹುಟ್ಟಿಗೆ ಇರಲಿ. ಕಯಾಕ್ ಆಸನಕ್ಕೆ ಒರಗಿದಾಗ ಚುಚ್ಚದಂತೆ ಬೆನ್ನಿನ ಮೇಲ್ಭಾಗದಲ್ಲಿ ಮಾತ್ರ ಫೋಮ್ ಇರುವ ಜಾಕೆಟ್ ಸಿಗುತ್ತವೆ. ಅಂಥದ್ದಾದರೆ ಬಿಚ್ಚಿ ಪಕ್ಕಕ್ಕಿಡುವ ಮನಸ್ಸಾಗುವುದಿಲ್ಲ. ಕಾನೂನು ದೊಡ್ಡವರಿಗೆ ದೋಣಿಯಲ್ಲಿ ಇದ್ದರೆ ಸಾಕು ಎನ್ನುತ್ತದೆ, 13 ವರ್ಷದೊಳಗಿನ ಮಕ್ಕಳು ತೊಟ್ಟಿರಲೇಬೇಕು ಎನ್ನುತ್ತದೆ. ಫೆಬ್ರವರಿಯಲ್ಲಿ ಬಿಸಿಲು ಹಿತವಾಗಿದ್ದರೂ ನೀರು ಕೊರೆಯುತ್ತಿರುತ್ತದೆ, ಬಿದ್ದವರಿಗೆ ಈಜು ಮರೆತುಹೋಗುತ್ತದೆ. ದೊಡ್ಡವರೂ ತೊಡಿ.

ಹುಟ್ಟು ದೋಣಿಯ ಅಗಲಕ್ಕೆ ಹೊಂದಬೇಕು. 34 ಇಂಚಿನ ದೋಣಿಯಲ್ಲಿ ಎತ್ತರದ ಆಸನದಲ್ಲಿ ಕೂತವರಿಗೆ 250-260 ಸೆಂಟಿಮೀಟರಿನದು ಬೇಕು. ಜೊತೆಗೆ ಕೊಡುವ 220ರದ್ದು ಪಕ್ಕಕ್ಕೆ ಬಡಿಯುತ್ತ ಮೀನನ್ನೆಲ್ಲ ಓಡಿಸುತ್ತದೆ.

ಲಂಗರಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಿನ್ನೀರಿನಲ್ಲಿ ಚಿಕ್ಕ ಲಂಗರೋ, ತೆಳು ನೀರಲ್ಲಿ ಚುಚ್ಚಿ ನಿಲ್ಲಿಸುವ ಕೋಲೋ ಇದ್ದರೆ ಅರ್ಧ ಪೆಡಲ್ ಕೊಂಡಂತೆ. ಹೊಳೆಯ ಸೆಳವಿನಲ್ಲಿ ದೋಣಿಯ ಪಕ್ಕಕ್ಕೆ ಲಂಗರು ಕಟ್ಟಿದರೆ ನೀರು ಅದನ್ನು ಅಡ್ಡ ತಿರುಗಿಸಿ ಮಗುಚಿ ಹಾಕುತ್ತದೆ, ಕ್ಷಣವೂ ಬೇಡ. ಹೊಸಬರು ಹೊಳೆಗೆ ಲಂಗರು ಒಯ್ಯಲೇಬೇಡಿ. ಬಂಡೆಯ ಹಿಂದೆಯೋ ಜಲ್ಲಿ ದಿಬ್ಬದ ಮೇಲೋ ದೋಣಿ ನಿಲ್ಲಿಸಿ ಗಾಳ ಹಾಕಿ. ಒರಗಿದ ಮರದ ಕೊಂಬೆಗಳ ಮೂಲಕ ನೀರು ಹಾಯುವ ಕಡೆ ದೂರವಿರಿ: ನೀರು ತೂರುತ್ತದೆ, ನೀವು ತೂರುವುದಿಲ್ಲ. ಕೊಲರಾಡೋ ಹೊಳೆಗೆ ಹೊರಡುವ ಮೊದಲು ಈ ನದಿಯ ಅಣೆಕಟ್ಟುಗಳನ್ನು ನೋಡಿಕೊಳ್ಳುವ ಎಲ್‌ಸಿಆರ್‌ಎ ಸಂಸ್ಥೆಯ ಹೈಡ್ರೋಮೆಟ್ ಎಂಬ ವೆಬ್ ಪುಟದಲ್ಲಿ ಆ ದಿನದ ಹರಿವು ನೋಡುವುದು ಕಡ್ಡಾಯ ಅಂದುಕೊಳ್ಳಿ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಬೆಳಿಗ್ಗೆಯ ಜಲ್ಲಿ ದಿಬ್ಬ ಮಧ್ಯಾಹ್ನ ಇರುವುದಿಲ್ಲ.

ಹಳೆಯದು ಕೊಳ್ಳುವುದು ಜಾಣತನ. ಬೇಸಿಗೆ ಮುಗಿದ ಮೇಲೆ, ಸೆಪ್ಟೆಂಬರಿನಿಂದ ಆಚೆಗೆ, ಒಳ್ಳೆಯ ದೋಣಿಗಳು ಅರ್ಧ ಬೆಲೆಗೆ ಬರುತ್ತವೆ. ತಳದ ಗೀರುಗಳಿಗೆ ಹೆದರಬೇಡಿ, ಪ್ಲಾಸ್ಟಿಕ್ಕಿನ ದೋಣಿ ಗೀರಿಲ್ಲದೆ ಇದ್ದರೆ ನೀರೇ ಕಂಡಿಲ್ಲ ಅಂತ ಅರ್ಥ. ನೋಡಬೇಕಾದ್ದು ತಳದ ತೂತುಗಳ ಸುತ್ತ ಕೂದಲೆಳೆ ಬಿರುಕು, ಬಿಸಿಲಲ್ಲಿ ಬಿದ್ದು ತಳ ಒಳಗೆ ಬಾಗಿದೆಯೇ ಎಂದು, ಮತ್ತು ಎಳೆದಾಡಿ ಸವೆದ ಬಾಲದ ತುದಿ. ಪೆಡಲ್ ಇದ್ದರೆ ನೀರಿಗಿಳಿಸಿ ತುಳಿಯದೆ ದುಡ್ಡು ಕೊಡಬೇಡಿ.

ಹಾಗಾದರೆ ಯಾರಿಗೆ ಯಾವುದು

ಅಪಾರ್ಟ್‌ಮೆಂಟು, ಒಂದು ಸೆಡಾನ್, ಲೇಡಿ ಬರ್ಡ್ ಹತ್ತಿರ: ಹತ್ತು-ಹತ್ತೂವರೆ ಅಡಿಯ ಹುಟ್ಟಿನ ಕಯಾಕ್, ಅದಕ್ಕೂ ಜಾಗವಿಲ್ಲದಿದ್ದರೆ ಗಾಳಿ ತುಂಬುವುದು. ಜಾಸ್ತಿ ಯೋಚಿಸಬೇಡಿ.

ಹೊಳೆ ಇಷ್ಟ, ಗ್ವಾಡಲೂಪ್ ಬ್ಯಾಸ್ ಹಿಂದೆ ಹೋಗಬೇಕು: ಬಾಗಿದ ತಳದ, 70 ಪೌಂಡಿಗಿಂತ ಕಡಿಮೆ ತೂಕದ ಹುಟ್ಟಿನ ದೋಣಿ. ಇದರಲ್ಲಿ ಚೌಕಾಸಿ ಇಲ್ಲ. ಪೆಡಲ್ ಯಾರಾದರೂ ಪುಕ್ಕಟೆ ಕೊಟ್ಟರೂ ಲಾನೋಗೆ ತರಬೇಡಿ.

ಟ್ರಾವಿಸ್, ಫೋರ್ಕ್, ದೊಡ್ಡ ಮೀನು, ಮುಂದೆ ಪಂದ್ಯಕ್ಕೂ ಹೋಗುವ ಆಸೆ, ಟ್ರಕ್ ಅಥವಾ ಟ್ರೇಲರ್ ಇದೆ: ಹನ್ನೆರಡರಿಂದ ಹದಿನಾಲ್ಕು ಅಡಿಯ ಪೆಡಲ್. ಕಳೆ ಹೆಚ್ಚಿರುವ ನೀರಾದರೆ ರೆಕ್ಕೆಯದು, ದಡದ ದೋಣಿಕಟ್ಟೆ ಮತ್ತು ಮುಳುಗಿದ ಮರಗಳ ಸುತ್ತ ಆಡುವವರಿಗೆ ಪ್ರೊಪೆಲ್ಲರ್.

ಎರಡೂ ಬೇಕು, ಒಂದೇ ಕೊಳ್ಳುವ ಶಕ್ತಿ: ಹನ್ನೆರಡು ಅಡಿಯ, 32-33 ಇಂಚಿನ ಹುಟ್ಟಿನ ಕಯಾಕ್. ಹಿನ್ನೀರಿಗೆ ಬೆಳಿಗ್ಗೆ ಬೇಗ ಹೋಗಿ, ಗಾಳಿ ಏಳುವ ಹೊತ್ತಿಗೆ ಮರಳಿ ಬನ್ನಿ. ನಾನು ಮೊದಲ ದೋಣಿಗೆ ಎಲ್ಲರಿಗೂ ಹೇಳುವುದು ಇದನ್ನೇ. ಇದನ್ನು ಮಾರಲು ಹೊರಟರೂ ವಾರದೊಳಗೆ ಗಿರಾಕಿ ಸಿಗುತ್ತಾರೆ.

ಮಗನನ್ನೋ ಮಗಳನ್ನೋ ಕರೆದೊಯ್ಯಬೇಕೆಂದು ಇಬ್ಬರು ಕೂರುವ ಕಯಾಕ್ ಕೊಳ್ಳುವವರಿದ್ದಾರೆ. ಸುತ್ತಾಡಲು ಅದು ಚೆಂದ, ಗಾಳಕ್ಕೆ ಬೇಡ. ಮೂರು ಮುಳ್ಳಿನ ಕೊಕ್ಕೆ ತೂಗುವ ಎರೆಯನ್ನು ಹತ್ತು ವರ್ಷದ ಮಗು ಹಿಂದಕ್ಕೆ ಬೀಸಿ ಎಸೆಯುವಾಗ ಹಿಂದಿನ ಆಸನದಲ್ಲಿ ನಿಮ್ಮ ಕಿವಿ ಇರುತ್ತದೆ. ಅದೇ ಹಣಕ್ಕೆ ಅಗ್ಗದ ಹತ್ತು ಅಡಿಯವು ಎರಡು ಬರುತ್ತವೆ. ಮಗುವಿನ ದೋಣಿಯ ಮೂತಿಗೆ ಹತ್ತಡಿ ಹಗ್ಗ ಕಟ್ಟಿಟ್ಟಿರಿ, ದಣಿದಾಗ ಎಳೆದು ತರಲು.